ಮುಕ್ಕಾಲು ಗಂಟೆ

ಲಾರಿಗಳ ತೂಕ ಹಾಕುವ ಕಟ್ಟೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ಬೈಕ್ ರಿಪೇರಿ ಮಾಡುತ್ತಿದ್ದವನನ್ನು ಊರೆಲ್ಲ ಕರೆಂಟಣ್ಣ ಎಂದೇ ಕರೆಯುತ್ತಿತ್ತು. ಎಂಜಿನ್ ಬಿಚ್ಚಿ ಜೋಡಿಸುವವರು ಆ ರಸ್ತೆಯಲ್ಲಿ ಇನ್ನೂ ನಾಲ್ವರಿದ್ದರು. ವೈರಿಂಗ್ ಎಂದ ಕೂಡಲೇ ಆ ನಾಲ್ವರೂ ಗಾಡಿಯನ್ನು ಇವನ ಕಡೆಗೆ ತಳ್ಳುತ್ತಿದ್ದರು. ಹಾರ್ನ್ ಒತ್ತಿದರೆ ಇಂಡಿಕೇಟರ್ ಮಿನುಗುವ ಗಾಡಿ, ಬ್ರೇಕ್ ಹಿಡಿದರೆ ಎಂಜಿನ್ ನಿಂತುಹೋಗುವ ಗಾಡಿ, ಇಂಥ ತಲೆತಿರುಕ ಗಾಡಿಗಳೆಲ್ಲ ಕೊನೆಗೆ ಬಂದು ನಿಲ್ಲುತ್ತಿದ್ದುದು ಇವನ ಬಾಗಿಲಲ್ಲೇ. ಅವನಿಗೆ ಅದರಲ್ಲಿ ಸ್ವಲ್ಪ ಜಂಬವೂ ಇತ್ತು. ಮೀಟರಿನ ಎರಡು ಕಡ್ಡಿ ಹಿಡಿದು, ಅಲ್ಲಿಗೊಮ್ಮೆ ಇಲ್ಲಿಗೊಮ್ಮೆ ಮುಟ್ಟಿಸಿ, ಐದು ನಿಮಿಷದಲ್ಲಿ ಕಾಯಿಲೆ ಹೇಳಿಬಿಡುವುದು ಅವನ ಶೋಕಿ. ಪಕ್ಕದ ಪಂಕ್ಚರ್ ಅಂಗಡಿಯವನು ಗಡಿಯಾರ ನೋಡಿಕೊಂಡು, "ಇವತ್ತು ನಾಲ್ಕೇ ನಿಮಿಷ!" ಎಂದು ಕೂಗುತ್ತಿದ್ದ.

ಅವನು ಮೊದಲ ಬಾರಿಗೆ ಬಿಚ್ಚಿದ ಬೈಕ್ ಭಾವನದು. ಅಕ್ಕನ ಗಂಡ ದನದ ಆಸ್ಪತ್ರೆಯಲ್ಲಿ ಕಂಪೌಂಡರ್. ಲಸಿಕೆಯ ಐಸ್ ಪೆಟ್ಟಿಗೆಯನ್ನು ಹಿಂದೆ ಕಟ್ಟಿಕೊಂಡು ದಿನಕ್ಕೆ ಎಂಬತ್ತು ತೊಂಬತ್ತು ಕಿಲೋಮೀಟರ್ ಸುತ್ತುವ ಕೆಲಸ. ಹಳ್ಳಿಗಳಲ್ಲಿ ಅವರನ್ನು ಡಾಕ್ಟ್ರೇ ಎಂದೇ ಕರೆಯುತ್ತಿದ್ದರು, ಅವರು ಯಾವತ್ತೂ ತಿದ್ದಲಿಲ್ಲ. ಅಕ್ಕ ಮದುವೆಯಾಗಿ ಬರುವಾಗ ತಾಯಿ ಇಲ್ಲದ ತಮ್ಮನನ್ನೂ ತನ್ನ ಜೊತೆಗೇ ಕರೆದುಕೊಂಡು ಬಂದಿದ್ದಳು. ಹತ್ತೊಂಬತ್ತರ ಆ ಹುಡುಗ ಒಂದು ಭಾನುವಾರ ಭಾವ ಮಲಗಿದ್ದಾಗ ಅವರ ಹೊಸ ಬೈಕಿನ ಎಂಜಿನ್ನನ್ನು ನಡುಮನೆಯ ತುಂಬ ಹರಡಿ ಕೂತಿದ್ದ. ಭಾವ ಎದ್ದು ಬಂದು ನೋಡಿ, ಬೈಯಲಿಲ್ಲ. "ನಾಳೆ ಬೆಳಿಗ್ಗೆ ಎಂಟಕ್ಕೆ ನಾನು ಹೊರಡಬೇಕು, ನೆನಪಿರಲಿ" ಎಂದಷ್ಟೇ ಹೇಳಿ ಟೀ ಮಾಡಿಕೊಳ್ಳಲು ಹೋದರು. ಬೆಳಿಗ್ಗೆ ಎಂಟಕ್ಕೆ ಗಾಡಿ ಹೊರಟಿತು. ಆಮೇಲೆ ಇಪ್ಪತ್ತೇಳು ವರ್ಷ ಆ ಬೈಕನ್ನು ಬೇರೆ ಯಾರ ಕೈಗೂ ಅವರು ಕೊಡಲಿಲ್ಲ.

ಇಪ್ಪತ್ತೇಳನೇ ವರ್ಷದ ಬೇಸಿಗೆಯಲ್ಲಿ ಗಾಡಿ ಮೊದಲ ಬಾರಿಗೆ ತೊಂದರೆ ಕೊಟ್ಟಿತು. ದಾರಿಯಲ್ಲಿ ನಿಂತುಹೋಗಿತ್ತು. ಸ್ವಲ್ಪ ಹೊತ್ತು ಬಿಟ್ಟು ಕಿಕ್ ಹೊಡೆದರೆ ಮತ್ತೆ ಹೊರಟಿತಂತೆ. ಕರೆಂಟಣ್ಣ ಎಂಜಿನ್ ಚಾಲೂ ಮಾಡಿ, ರೇಸ್ ಕೊಟ್ಟು, ಬ್ಯಾಟರಿಗೆ ಮೀಟರ್ ಹಿಡಿದ. ಹದಿನಾಲ್ಕೂ ಕಾಲು ವೋಲ್ಟ್. ಇರಬೇಕಾದಷ್ಟೇ ಇತ್ತು. ಅಂದರೆ ಎಂಜಿನ್ ಬ್ಯಾಟರಿಯನ್ನು ತುಂಬಿಸುತ್ತಿದೆ, ತುಂಬಿಸಿದ್ದನ್ನು ಬ್ಯಾಟರಿಯೇ ಹಿಡಿದಿಟ್ಟುಕೊಳ್ಳುತ್ತಿಲ್ಲ ಎಂದು ತೀರ್ಮಾನಿಸಿ ಹೊಸ ಬ್ಯಾಟರಿ ಹಾಕಿದ.

ಮೂರು ವಾರದಲ್ಲಿ ಗಾಡಿ ಮತ್ತೆ ಬಂತು. ಈ ಸಲ ಅವನು ರೆಗ್ಯುಲೇಟರ್ ಬದಲಾಯಿಸಿದ. ಎಂಜಿನ್ನಿನೊಳಗಿನ ಮ್ಯಾಗ್ನೆಟ್ ಕಾಯಿಲ್ ಹುಟ್ಟಿಸುವ ಕರೆಂಟನ್ನು ಹದ ಮಾಡಿ ಬ್ಯಾಟರಿಗೆ ಕಳಿಸುವ ಡಬ್ಬಿ ಅದು. ಹಳೇ ಗಾಡಿಗಳಲ್ಲಿ ಅದು ಹೋಗುವುದು ಸಾಮಾನ್ಯ. ಕಾಯಿಲಿನಿಂದ ಬರುವ ಮೂರು ಹಳದಿ ತಂತಿಗಳಿಗೂ ಮೀಟರ್ ಹಿಡಿದು ನೋಡಿದ್ದ. ಮೂರರಲ್ಲೂ ಒಂದೇ ಅಳತೆ. ಕಾಯಿಲ್ ಕಲ್ಲಿನ ಹಾಗಿದೆ ಎಂದು ಭಾವನಿಗೆ ಹೇಳಿದ.

ಮೂರನೇ ಸಲ ಭಾವ ಬಂದಾಗ ಅವನು ಬೇರೆ ಯಾರದೋ ಗೇರ್‌ಬಾಕ್ಸಿನಲ್ಲಿ ಮೊಣಕೈವರೆಗೆ ಮುಳುಗಿದ್ದ.

"ನಿಂತು ಹೋಗಿಲ್ಲ ಕಣೋ. ಆದ್ರೆ ಒಂದು ಗಂಟೆ ಓಡಿಸಿದ ಮೇಲೆ ಹಾರ್ನ್ ಸಣ್ಣಗಾಗುತ್ತೆ. ಬೆಳಿಗ್ಗೆ ಇದ್ದ ಹಾಗೆ ಇರಲ್ಲ."

"ಈಗ ಹೆಂಗಿದೆ?"

"ಈಗ ಸರಿ ಇದೆ. ಮನೇಲಿ ಊಟ ಮಾಡ್ಕೊಂಡು ಬಂದೆ ಅಲ್ವಾ, ಗಾಡಿ ತಣ್ಣಗಾಗಿದೆ."

ಕರೆಂಟಣ್ಣ ಕೈ ಒರೆಸಿಕೊಂಡು ಬಂದ. ರೇಸ್ ಕೊಟ್ಟ, ಮೀಟರ್ ಹಿಡಿದ. ಹದಿನಾಲ್ಕೂ ಕಾಲು. ಹಾರ್ನ್ ಒತ್ತಿದ, ಪಂಕ್ಚರ್ ಅಂಗಡಿಯವನು ಬೆಚ್ಚಿಬಿದ್ದು ತಿರುಗಿ ನೋಡಿದ.

"ಭಾವ, ಗಾಡಿ ನೆಟ್ಟಗಿದೆ. ವಯಸ್ಸಾಗಿರೋದು ನಿಮಗೆ. ಕಿವಿ ತೋರಿಸ್ಕೊಳ್ಳಿ."

ಪಂಕ್ಚರ್ ಅಂಗಡಿಯವನು ನಕ್ಕ. ಭಾವನೂ ನಕ್ಕರು. "ಇದ್ರೂ ಇರಬಹುದು ಕಣೋ, ನಿಮ್ಮಕ್ಕನೂ ಅದನ್ನೇ ಹೇಳ್ತಾಳೆ" ಎಂದು ಕಿಕ್ ಹೊಡೆದು ಹೊರಟರು.

ಇದು ನಡೆದದ್ದು ಶುಕ್ರವಾರ. ಮುಂದಿನ ಬುಧವಾರ ಮಧ್ಯಾಹ್ನ ಮೂರು ಗಂಟೆಗೆ, ಗುಡ್ಡದ ಕೆಳಗಿನ ಸುರಂಗದಲ್ಲಿ, ಹಿಂದಿನಿಂದ ಬಂದ ಲಾರಿ ಭಾವನಿಗೆ ಗುದ್ದಿತು. ಆ ಸುರಂಗ ಒಂದೂವರೆ ಕಿಲೋಮೀಟರ್ ಉದ್ದ, ನಡುವೆ ಒಂದು ತಿರುವು. ಒಳಗಿನ ದೀಪಗಳಲ್ಲಿ ಅರ್ಧಕ್ಕರ್ಧ ಉರಿಯುತ್ತಿರಲಿಲ್ಲ. ಬೈಕ್ ಗೋಡೆಗೆ ಬಡಿದು ಬಿದ್ದಿತ್ತು. ಐಸ್ ಪೆಟ್ಟಿಗೆ ಒಡೆದು ಲಸಿಕೆಯ ಬಾಟಲಿಗಳು ರಸ್ತೆಯ ತುಂಬ ಚೆಲ್ಲಿದ್ದವು. ಭಾವ ಆಸ್ಪತ್ರೆಗೆ ಹೋಗುವಷ್ಟು ಹೊತ್ತೂ ಉಳಿಯಲಿಲ್ಲ.

ಒಂದು ವಾರ ಬಿಟ್ಟು ಗಾಡಿ ಪರೀಕ್ಷೆ ಮಾಡುವ ಅಧಿಕಾರಿ ಪೊಲೀಸ್ ಠಾಣೆಯ ಅಂಗಳಕ್ಕೆ ಬಂದು ಕೀ ತಿರುಗಿಸಿದರು. ಮುಂದಿನ ದೀಪ ಉರಿಯಿತು. ಹಿಂದಿನದು ಪುಡಿಯಾಗಿತ್ತು. ಮುಂದಿನದು ಉರಿದ ಮೇಲೆ ಹಿಂದಿನದೂ ಉರಿಯುತ್ತಿತ್ತು ಎಂದೇ ಲೆಕ್ಕ. ದೀಪ ಹಾಕಿಕೊಂಡು ಹೋಗುತ್ತಿದ್ದ ಬೈಕನ್ನು ನೋಡದೆ ಗುದ್ದಿದ್ದಾನೆ ಎಂದು ಲಾರಿ ಡ್ರೈವರಿನ ಮೇಲೆ ಕೇಸಾಯಿತು. ಬೈಕನ್ನು ಮನೆಯವರಿಗೆ ಬಿಟ್ಟುಕೊಟ್ಟರು. ಮನೆಯ ಮುಂದೆ ಅದು ಇರುವುದು ಬೇಡವೆಂದು ಅಕ್ಕ ಹೇಳಿದ್ದರಿಂದ ಕರೆಂಟಣ್ಣ ಅದನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬಂದು ಶೆಡ್ಡಿನ ಹಿಂದೆ, ಹಳೇ ಟೈರುಗಳ ಪಕ್ಕದಲ್ಲಿ, ಟಾರ್ಪಾಲು ಹೊದಿಸಿ ನಿಲ್ಲಿಸಿದ.

ಅಕ್ಕ ಶಾಲೆಯ ಯೂನಿಫಾರಂ ಹೊಲಿಯುತ್ತಿದ್ದಳು, ಒಬ್ಬಳೇ ಮಗಳು ಕಾಲೇಜಿನ ಕೊನೇ ವರ್ಷದಲ್ಲಿದ್ದಳು. ಹದಿನೈದನೇ ದಿನದಿಂದ ಮತ್ತೆ ಮಿಷನ್ ಮುಂದೆ ಕೂತಳು. ಪೆಡಲ್ ತುಳಿಯುತ್ತಾ ಆ ಡ್ರೈವರಿಗೆ ಶಾಪ ಹಾಕುತ್ತಿದ್ದಳು. ಅವನ ಕಣ್ಣು ಇಂಗಿಹೋಗಲಿ, ಅವನ ಮನೆ ಹಾಳಾಗಲಿ, ಜೈಲಿನಲ್ಲಿ ಕೊಳೆಯಲಿ. ತಮ್ಮ ದಿನಾ ಸಂಜೆ ಹೋಗಿ ಪಕ್ಕದಲ್ಲಿ ಕೂರುತ್ತಿದ್ದ. "ಬೈದ್ರೆ ಎದೆ ಸ್ವಲ್ಪ ಹಗುರಾಗುತ್ತೆ ಪುಟ್ಟ" ಎನ್ನುತ್ತಿದ್ದಳು. ನಲವತ್ತಾರು ತುಂಬಿದ್ದರೂ ಅವಳಿಗೆ ಅವನು ಪುಟ್ಟನೇ. ಅವನೂ ಅವಳ ಜೊತೆ ಸೇರಿ ಬೈಯುತ್ತಿದ್ದ.

ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ, ಇನ್ನೂ ಶೆಡ್ಡಿನ ಬಾಗಿಲು ಪೂರ್ತಿ ಎತ್ತಿರಲಿಲ್ಲ, ಬಗ್ಗಿ ಒಳಗೆ ಬಂದವನೊಬ್ಬ ಕೈ ಕಟ್ಟಿಕೊಂಡು ನಿಂತ. ತೆಳ್ಳಗಿನ ಮನುಷ್ಯ, ಗಡ್ಡ ಬೆಳೆದಿತ್ತು.

"ಅಣ್ಣ, ನೀವು ಹೊಡೆದ್ರೂ ಸರಿ, ಒಂದು ಮಾತು ಕೇಳಿ ಹೊಡೀರಿ. ಆ ಲಾರಿ ಓಡಿಸ್ತಿದ್ದವನು ನಾನೇ."

ಕರೆಂಟಣ್ಣನ ಕೈಯಲ್ಲಿ ಸ್ಪ್ಯಾನರ್ ಇತ್ತು. ಅದನ್ನು ಎಲ್ಲಿ ಇಡಬೇಕೆಂದು ತೋಚದೆ ಹಿಡಿದುಕೊಂಡೇ ನಿಂತ.

"ಜೈಲಿಗೆ ಹೆದರಿ ಬಂದಿಲ್ಲ. ಮೂವತ್ತು ವರ್ಷದಿಂದ ಓಡಿಸ್ತಿದ್ದೀನಿ. ಅವತ್ತು ತಿರುವು ದಾಟಿದಾಗ ನನಗೆ ಯಾವ ಬೆಳಕೂ ಕಾಣಲಿಲ್ಲ. ಅವರು ಗಾಡಿ ತಳ್ಕೊಂಡು ಹೋಗ್ತಿದ್ರು. ತಿರುವಲ್ಲಿ ನನ್ನ ಲೈಟು ಗೋಡೆ ಮೇಲೇ ಬಿದ್ದಿತ್ತು, ಅವರು ಕಂಡಾಗ ಹತ್ತು ಅಡಿ ಇತ್ತು ಅಷ್ಟೇ. ಎಲ್ಲರೂ ಲೈಟ್ ಇತ್ತು ಅಂತಾರೆ. ಕಾಗದದಲ್ಲೂ ಹಂಗೇ ಬರ್ದಿದ್ದಾರೆ. ಇದ್ದ ಬೆಳಕು ನನಗೆ ಕಾಣಲಿಲ್ವಾ, ಇಲ್ಲಾ ಬೆಳಕೇ ಇರಲಿಲ್ವಾ? ನನಗೇ ಈಗ ಗೊತ್ತಾಗ್ತಿಲ್ಲ ಅಣ್ಣ. ರಸ್ತೆ ದಾಟೋಕೂ ನನ್ನ ಕಣ್ಣು ನಂಬೋಕಾಗ್ತಿಲ್ಲ. ಗಾಡಿ ನಿಮ್ಮ ಹತ್ರ ಇದೆ ಅಂದ್ರು. ನೀವು ಕರೆಂಟು ಬಲ್ಲವರಂತೆ. ಒಂದು ಸಲ ನೋಡಿ ಹೇಳಿ. ಯಾರಿಗೂ ಹೇಳಬೇಡಿ, ನನಗೊಬ್ಬನಿಗೆ ಹೇಳಿ."

"ಲೈಟ್ ಇತ್ತು. ಹೋಗಿ" ಎಂದ ಕರೆಂಟಣ್ಣ.

ಆ ಮನುಷ್ಯ ತಲೆ ಅಲ್ಲಾಡಿಸಿ, ಬಗ್ಗಿ, ಬಂದ ದಾರಿಯಲ್ಲೇ ಹೊರಟುಹೋದ.

ಆದರೆ 'ತಳ್ಳಿಕೊಂಡು ಹೋಗುತ್ತಿದ್ದರು' ಎಂಬ ಮಾತು ಹೋಗಲಿಲ್ಲ. ಭಾವ ಯಾಕೆ ಗಾಡಿ ತಳ್ಳುತ್ತಿದ್ದರು? ಪೆಟ್ರೋಲ್ ಟ್ಯಾಂಕು ಅರ್ಧ ತುಂಬಿತ್ತು, ಟೆಂಪೋದಿಂದ ಇಳಿಸುವಾಗ ಅವನೇ ಅದರ ಅಲುಗಾಟ ಕೇಳಿದ್ದ. ಆ ದಿನವೆಲ್ಲ ಮೂರು ಗಾಡಿ ಕೈಗೆತ್ತಿಕೊಂಡು ಮೂರನ್ನೂ ಅರ್ಧಕ್ಕೆ ಬಿಟ್ಟ. ಮಾರನೇ ದಿನ ಮಧ್ಯಾಹ್ನ, ಊಟಕ್ಕೆ ಹೋಗಬೇಕಾದ ಹೊತ್ತಿನಲ್ಲಿ, ಟಾರ್ಪಾಲು ತೆಗೆದ.

ಹಿಂದಿನ ಚಕ್ರ ಎಂಟರ ಆಕಾರಕ್ಕೆ ಸೊಟ್ಟಗಾಗಿತ್ತು, ಚೈನು ತುಂಡಾಗಿತ್ತು. ಎಂಜಿನ್ನಿಗೆ ಒಂದು ಗೀರೂ ಇರಲಿಲ್ಲ. ಬ್ಯಾಟರಿಗೆ ಮೀಟರ್ ಹಿಡಿದ. ಹನ್ನೊಂದೂ ಮುಕ್ಕಾಲು. ಎರಡು ತಿಂಗಳು ಸುಮ್ಮನೆ ನಿಂತದ್ದಕ್ಕೆ ಇಳಿದಿರಬಹುದು ಎಂದು ಸಮಾಧಾನ ಹೇಳಿಕೊಂಡ. ಚೆನ್ನಾಗಿ ಚಾರ್ಜಾದ ಇನ್ನೊಂದು ಬ್ಯಾಟರಿ ತಂದು ಜೋಡಿಸಿದ. ನಾಲ್ಕನೇ ಕಿಕ್ಕಿಗೆ ಎಂಜಿನ್ ಹತ್ತಿಕೊಂಡಿತು. ಆ ಸದ್ದು ಕೇಳಿ ಪಂಕ್ಚರ್ ಅಂಗಡಿಯವನು ಅರ್ಧ ಎದ್ದು ನಿಂತವನು, ಗಾಡಿ ಯಾವುದೆಂದು ಕಂಡು ಮತ್ತೆ ಕೂತ.

ಹೆಡ್‌ಲೈಟ್ ಹಾಕಿದ. ರೇಸ್ ಕೊಟ್ಟು ಮೀಟರ್ ನೋಡಿದ. ಹದಿನಾಲ್ಕೂ ಕಾಲು.

ಇಲ್ಲಿಗೇ ಅವನು ಯಾವಾಗಲೂ ನಿಲ್ಲಿಸುತ್ತಿದ್ದದ್ದು. ಈ ಸಲ ನಿಲ್ಲಿಸಲಿಲ್ಲ. ನಿಂತಲ್ಲೇ ಓಡಿಸಿದರೆ ಎಂಜಿನ್ ವಿಪರೀತ ಕಾಯುತ್ತದೆ, ಆಮೇಲೆ ಆ ಬಿಸಿಯ ಮೇಲೆ ತಪ್ಪು ಹೊರಿಸಿದ ಹಾಗಾಗಬಾರದು ಎಂದು ಟೇಬಲ್ ಫ್ಯಾನ್ ತಂದು ಎಂಜಿನ್ನಿನ ಎದುರಿಗೆ ಇಟ್ಟ. ಆಕ್ಸಿಲರೇಟರಿಗೆ ರಬ್ಬರ್ ಕಟ್ಟಿ ಒಂದು ಸಮನಾದ ವೇಗಕ್ಕೆ ನಿಲ್ಲಿಸಿದ. ಮೀಟರಿನ ಕಡ್ಡಿಗಳನ್ನು ಬ್ಯಾಟರಿಗೆ ಸಿಕ್ಕಿಸಿ, ಸ್ಟೂಲ್ ಎಳೆದುಕೊಂಡು ಕೂತ. ಅವನ ಜೀವಮಾನದಲ್ಲಿ ಒಂದು ಅಂಕಿ ಹಾಗೇ ಇರಲಿ ಎಂದು ಇಷ್ಟು ಬೇಡಿಕೊಂಡಿರಲಿಲ್ಲ.

ಹತ್ತು ನಿಮಿಷ, ಹದಿನಾಲ್ಕೂ ಕಾಲು. ಇಪ್ಪತ್ತು ನಿಮಿಷ, ಅಷ್ಟೇ. ಅವನಿಗೆ ಉಸಿರು ಬಂತು. ಡ್ರೈವರ್ ಸುಳ್ಳುಗಾರ, ಎಲ್ಲ ಡ್ರೈವರುಗಳೂ ಹೀಗೇ ಎಂದುಕೊಂಡ. ಅರ್ಧ ಗಂಟೆಗೆ ಅಂಕಿ ಹದಿಮೂರೂ ಮುಕ್ಕಾಲಾಯಿತು. ಕಡ್ಡಿ ಸಡಿಲವಾಗಿರಬೇಕೆಂದು ಒತ್ತಿ ನೋಡಿದ. ಸಡಿಲವಾಗಿರಲಿಲ್ಲ. ಹದಿಮೂರು. ಹನ್ನೆರಡೂ ಮುಕ್ಕಾಲು. ಗಡಿಯಾರದಲ್ಲಿ ಸರಿಯಾಗಿ ಮುಕ್ಕಾಲು ಗಂಟೆಯಾದಾಗ ಹನ್ನೆರಡೂ ಕಾಲಿಗೆ ಬಂದು, ಇನ್ನೂ ಇಳಿಯುತ್ತಲೇ ಇತ್ತು. ಎಂಜಿನ್ ಬ್ಯಾಟರಿಯನ್ನು ತುಂಬಿಸುತ್ತಿರಲಿಲ್ಲ. ಬ್ಯಾಟರಿಯೇ ತನ್ನನ್ನು ಖಾಲಿ ಮಾಡಿಕೊಂಡು ದೀಪವನ್ನೂ ಎಂಜಿನ್ನನ್ನೂ ಎಳೆಯುತ್ತಿತ್ತು. ಈ ಹಳೇ ಗಾಡಿಯಲ್ಲಿ ಪ್ಲಗ್ಗಿನ ಕಿಡಿಗೂ ಬ್ಯಾಟರಿಯೇ ಆಧಾರ. ಅದು ಖಾಲಿಯಾದರೆ ದೀಪ ಹೋಗುತ್ತದೆ, ಎಂಜಿನ್ನೂ ನಿಲ್ಲುತ್ತದೆ.

ಕೈ ಚಾಚಿ ಹಾರ್ನ್ ಒತ್ತಿದ. ಸಣ್ಣಗೆ, ನೆಗಡಿಯಾದವರ ದನಿಯ ಹಾಗೆ ಬಂತು.

ಎಂಜಿನ್ ಆಫ್ ಮಾಡಿ, ಬಿಸಿ ಆರುವ ಮೊದಲೇ ಹಳದಿ ತಂತಿಗಳ ಕನೆಕ್ಟರ್ ಕಿತ್ತ. ಮೀಟರಿನ ಒಂದು ಕಡ್ಡಿಯನ್ನು ಹಳದಿ ತಂತಿಗೆ, ಇನ್ನೊಂದನ್ನು ಎಂಜಿನ್ನಿನ ಮೈಗೆ ಹಿಡಿದ. ಸುಮ್ಮನಿರಬೇಕಾದ ಮೀಟರ್ ಕೀಂ ಎಂದಿತು. ಮ್ಯಾಗ್ನೆಟ್ ಕವರಿನ ಬೋಲ್ಟುಗಳನ್ನು ಬಿಚ್ಚಿದ, ಕಾದ ಆಯಿಲ್ ಬೆರಳ ಮೇಲೆ ಸುರಿದು ಸುಟ್ಟಿತು. ಒಳಗೆ ಉಂಗುರದ ಹಾಗೆ ಸಾಲಾಗಿ ಕೂತ ತಾಮ್ರದ ಸುರುಳಿಗಳಲ್ಲಿ ಎರಡು ಕಪ್ಪಾಗಿದ್ದವು. ಕರೆಂಟು ಸೋರದಂತೆ ತಂತಿಗೆ ಬಳಿದ ಮೆರುಗೆಣ್ಣೆ ಸೀದು ಬಿರುಕು ಬಿಟ್ಟಿತ್ತು. ಕಾದಾಗ ತಂತಿ ಹಿಗ್ಗಿ ಕಬ್ಬಿಣಕ್ಕೆ ತಾಗುತ್ತದೆ, ಹುಟ್ಟಿದ ಕರೆಂಟು ಅಲ್ಲೇ ಸೋರಿಹೋಗುತ್ತದೆ. ತಣ್ಣಗಾದರೆ ತಂತಿ ಕುಗ್ಗಿ ದೂರವಾಗುತ್ತದೆ, ಮೀಟರ್ ಎಲ್ಲ ಸರಿ ಎನ್ನುತ್ತದೆ. ನೂರು ಗಾಡಿಯಲ್ಲಿ ಒಂದರಲ್ಲಿ ಕಾಣುವ ಕಾಯಿಲೆ. ಆದರೆ ಅವನಿಗೆ ಗೊತ್ತಿಲ್ಲದ ಕಾಯಿಲೆಯಲ್ಲ. ಒಂದು ಗಂಟೆ ಓಡಿಸಿದ ಮೇಲೆ ಎಂದು ಯಾರಾದರೂ ಅಪರಿಚಿತ ಗಿರಾಕಿ ಬಂದು ಹೇಳಿದ್ದರೆ, ಗಾಡಿ ಇಟ್ಟು ಹೋಗಿ, ಬಿಸಿ ಮಾಡಿ ನೋಡಬೇಕು ಎನ್ನುತ್ತಿದ್ದ. ಹೇಳಿದವರು ಭಾವ. ಭಾವನ ಮಾತು ಮನೆಯವರ ಮಾತಿನ ಹಾಗೆ ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಗಿತ್ತು.

ನೆಲದ ಮೇಲೆ ಆಯಿಲ್ ಹರಿದು ಅವನ ಚಪ್ಪಲಿಯವರೆಗೆ ಬಂತು. ಅವನು ಕಾಲು ತೆಗೆಯಲಿಲ್ಲ.

ಕವರ್ ಹಾಕಿ ಮುಚ್ಚಿದರೆ ಮುಗಿಯಿತು. ಸರ್ಕಾರದ ಕಾಗದದಲ್ಲಿ ದೀಪ ಉರಿಯುತ್ತಿತ್ತು. ಅಕ್ಕನಿಗೆ ಬೈಯಲು ಒಬ್ಬನಿದ್ದ. ಮೂರು ದಿನ ಅವನು ಅದೇ ಯೋಚನೆಯಲ್ಲಿ ಕಳೆದ. ಅಕ್ಕನ ಮನೆಗೂ ಹೋಗಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಎದ್ದವನು ಮುಖ ತೊಳೆಯದೆ ನೇರ ಅಲ್ಲಿಗೆ ಹೋದ.

ಅಕ್ಕ ಕಾಲರು ಹೊಲಿಯುತ್ತಿದ್ದಳು. ಅವನು ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಮಿಷನ್ ನಿಂತಿತು.

"ಲೈಟ್ ಉರೀತಿತ್ತು ಅಂತ ಅವರೇ ಬರ್ಕೊಂಡು ಹೋಗಿದ್ದಾರಲ್ಲೋ."

"ತಣ್ಣಗಿದ್ದಾಗ ಉರಿಯುತ್ತೆ ಅಕ್ಕ. ವಾರ ಸುಮ್ಮನೆ ನಿಂತ್ರೆ ಬ್ಯಾಟರಿಗೂ ಸ್ವಲ್ಪ ಜೀವ ಬರುತ್ತೆ. ಓಡಿಸಿ ಕಾದ ಮೇಲೆ ಹೋಗುತ್ತೆ. ಸುರಂಗದಲ್ಲಿ ಲೈಟ್ ಹಾಕಿದ್ದಾರೆ, ಇದ್ದಬದ್ದ ಚಾರ್ಜೂ ಮುಗಿದಿದೆ. ಕತ್ತಲಲ್ಲಿ ತಳ್ಕೊಂಡು ಹೋಗಿದ್ದಾರೆ. ಆ ಡ್ರೈವರ್‌ಗೆ ಕಂಡಿಲ್ಲ. ಕಾಣೋ ಹಾಗೇ ಇರಲಿಲ್ಲ."

ಅಕ್ಕ ಬೆರಳ ತುದಿಯಲ್ಲಿ ದಾರ ಸುತ್ತಿದಳು, ಬಿಚ್ಚಿದಳು.

"ಇದನ್ನ ಕಂಡುಹಿಡಿಯೋಕೆ ಎಷ್ಟು ಹೊತ್ತು ಬೇಕಾಯ್ತು ನಿನಗೆ?"

"ಮುಕ್ಕಾಲು ಗಂಟೆ."

"ಮುಕ್ಕಾಲು ಗಂಟೆ" ಎಂದಳು. ಮತ್ತೊಮ್ಮೆ ಹೇಳಿದಳು. ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ಹಾಕಿ ನಿಂತಳು.

"ಹೋಗೋಕೆ ಎರಡು ದಿನ ಮುಂಚೆ, ಸೋಮವಾರ, ಅವರು ರಜ ಹಾಕಿ ಕಿವಿ ಡಾಕ್ಟ್ರ ಹತ್ರ ಹೋಗಿದ್ರು, ಗೊತ್ತಾ ನಿನಗೆ? 'ಅವನು ಸುಮ್ಮನೆ ಹೇಳೋನಲ್ಲ ಕಣೇ, ಕರೆಂಟಿನ ವಿಷಯದಲ್ಲಿ ಅವನ ಮಾತು ತಪ್ಪಲ್ಲ, ನನ್ನ ಕಿವಿಯೇ ಹೋಗಿರಬೇಕು' ಅಂದ್ರು. ಡಾಕ್ಟ್ರು ಯಂತ್ರ ಹಾಕಿ ನೋಡಿ, ಕಿವಿ ಚೆನ್ನಾಗೇ ಇದೆ ಅಂದ್ರಂತೆ. ಅದನ್ನ ನಿನಗೆ ಹೇಳಿ ರೇಗಿಸಬೇಕು ಅಂತಿದ್ರು. ಮುಂದಿನ ಭಾನುವಾರ ನೀನು ಊಟಕ್ಕೆ ಬಂದಾಗ."

ಅವನು ಗೋಡೆ ಹಿಡಿದು ನೆಲದ ಮೇಲೆ ಕೂತ.

"ಆ ಡ್ರೈವರಿಗೆ ಎರಡು ತಿಂಗಳು ಶಾಪ ಹಾಕಿದ್ದೀನಿ. ಈಗ ಯಾರನ್ನ ಬೈಯಲಿ?"

"ನನ್ನ ಬೈ ಅಕ್ಕ. ಹೊಡಿ."

"ನಿನಗೆ ಬೈಯೋಕೆ ನನಗೆ ಬಾಯಿ ಬರಲ್ಲ. ಅದೇ ಕಷ್ಟ." ಅವಳು ತಿರುಗಲೇ ಇಲ್ಲ. "ಹೋಗು. ಠಾಣೆಗೆ ಹೋಗಿ ಹೇಳು. ಅವನಿಗೂ ಮನೆ ಮಠ ಇರುತ್ತೆ. ಹೇಳಿ ಮುಗಿಸಿ ನಿನ್ನ ಮನೆಗೆ ಹೋಗು. ಇಲ್ಲಿಗೆ ಬರಬೇಡ."

ಠಾಣೆಯಲ್ಲಿ ಅವನ ಮಾತನ್ನು ಯಾರೂ ಮೊದಲು ನಂಬಲಿಲ್ಲ. "ರಿಪೇರಿ ಮಾಡಿದವನೂ ನೀನೇ, ಕೆಟ್ಟಿತ್ತು ಅನ್ನೋನೂ ನೀನೇ. ಡ್ರೈವರ್ ಕಡೆಯವರು ಏನಾದ್ರೂ ಕೈಗಿಟ್ರಾ?" ಎಂದು ಕೇಳಿದರು. ನಾಲ್ಕು ಸಲ ಅಲೆದ ಮೇಲೆ ಅದೇ ಪರೀಕ್ಷೆಯ ಅಧಿಕಾರಿ ಶೆಡ್ಡಿಗೆ ಬಂದರು. ಆಯಿಲ್ ತುಂಬಿ, ಫ್ಯಾನ್ ಇಟ್ಟು, ಎಂಜಿನ್ ಓಡಿಸಿ ಎಲ್ಲರೂ ಸುತ್ತ ಕೂತರು. ಅಧಿಕಾರಿ ಎರಡು ಸಲ ಆಕಳಿಸಿದರು. ನಲವತ್ತನೇ ನಿಮಿಷಕ್ಕೆ ಆಕಳಿಕೆ ನಿಂತು ಮೀಟರಿನ ಹತ್ತಿರ ಬಗ್ಗಿದರು. ಹೇಳಿಕೆ ಬರೆದುಕೊಂಡು ಸಹಿ ಹಾಕಿಸಿಕೊಂಡರು. ಐದು ತಿಂಗಳ ನಂತರ ಡ್ರೈವರಿನ ಮೇಲಿನ ಕೇಸು ಬಿದ್ದುಹೋಯಿತು. ಕರೆಂಟಣ್ಣನಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ಗಾಡಿಯ ಕಾಯಿಲೆ ಹಿಡಿಯದಿದ್ದದ್ದಕ್ಕೆ ಕೇಸು ಹಾಕಲು ಬರುವುದಿಲ್ಲ ಎಂದರು. ಆಗಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. ಇಷ್ಟು ದಿನ ಎಂದು ಒಂದು ಲೆಕ್ಕವಾದರೂ ಇರುತ್ತಿತ್ತು.

ಡ್ರೈವರ್ ಒಮ್ಮೆ ಬಂದ. "ಕಣ್ಣು ಸರಿ ಇದೆ ಅಂತ ಗೊತ್ತಾಯ್ತು ಅಣ್ಣ. ಆದ್ರೂ ಗಾಡಿ ಹತ್ತೋಕೆ ಆಗ್ತಿಲ್ಲ. ಗೋಡೌನ್‌ನಲ್ಲಿ ಕೂಲಿ ಮಾಡ್ತಿದ್ದೀನಿ" ಎಂದ. ಕರೆಂಟಣ್ಣ ಟೀ ತರಿಸಿದ. ಇಬ್ಬರ ಲೋಟದಲ್ಲೂ ಅರ್ಧ ಉಳಿಯಿತು.

ಅವನು ಕೆಲಸ ಬಿಡಲಿಲ್ಲ, ಬೇರೆ ಕೆಲಸ ಬರುತ್ತಿರಲಿಲ್ಲ. ಆದರೆ ಕೈ ಹಿಂದಿನಂತೆ ಓಡುತ್ತಿರಲಿಲ್ಲ. ಫ್ಯೂಸ್ ಹೋದ ಗಾಡಿಯನ್ನೂ ಅರ್ಧ ದಿನ ಹಿಡಿದಿಟ್ಟುಕೊಂಡು, ಹೇಳಿದ್ದನ್ನೇ ಮತ್ತೆ ಮತ್ತೆ ಕೇಳಿ, ಗಿರಾಕಿಗಳಿಗೆ ಸಾಕುಸಾಕು ಮಾಡುತ್ತಿದ್ದ. ಅವರು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. "ಬಾಯಿ ಮುಚ್ಕೊಂಡು ಇದ್ದಿದ್ರೆ ಆಗ್ತಿತ್ತು ಇವನಿಗೆ" ಎಂದು ಪಂಕ್ಚರ್ ಅಂಗಡಿಯವನು ಯಾರಿಗೋ ಹೇಳುತ್ತಿದ್ದುದು ಒಂದು ದಿನ ಅವನ ಕಿವಿಗೂ ಬಿತ್ತು. ಅದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ.

ಭಾವ ಹೋಗಿ ವರ್ಷ ತುಂಬಿ ಕೆಲವು ದಿನಗಳಾಗಿದ್ದವು. ಒಂದು ಮಧ್ಯಾಹ್ನ ತಲೆ ಎತ್ತಿದರೆ ಶೆಡ್ಡಿನ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ತುಂಬ ಸೊರಗಿದ್ದಳು. ಅವನು ಗಡಬಡಿಸಿ ಎದ್ದು ಸ್ಟೂಲನ್ನು ಒರೆಸಿ ಮುಂದಿಟ್ಟ. ಅವಳು ಕೂರಲಿಲ್ಲ.

"ಮಗಳಿಗೆ ಕೆಲಸ ಸಿಕ್ಕಿದೆ. ಓಡಾಡೋಕೆ ಒಂದು ಸ್ಕೂಟರ್ ತಗೋತಿದ್ದೀವಿ."

"ಒಳ್ಳೇದಾಯ್ತು ಅಕ್ಕ. ನಾನು..."

"ಅದನ್ನೇ ಹೇಳೋಕೆ ಬಂದೆ. ಅದರ ಸರ್ವಿಸ್ ರಿಪೇರಿ ಎಲ್ಲ ಕಂಪನಿ ಶೋರೂಮಿನಲ್ಲೇ ಮಾಡಿಸ್ತೀವಿ. ನಾಳೆ ಯಾರಾದ್ರೂ ನಿನಗೆ ಹೇಳಿ, ನೀನು ನೊಂದ್ಕೋಬಾರದು. ಅದಕ್ಕೆ ನಾನೇ ಬಂದೆ."

"ಸರಿ ಅಕ್ಕ" ಎಂದ.

ಅವಳು ಒಂದು ಕ್ಷಣ ಅವನ ಕೈಗಳನ್ನು ನೋಡಿದಳು. ಸೆರಗು ಸರಿಮಾಡಿಕೊಂಡು ಬಿಸಿಲಿಗೆ ಇಳಿದಳು. ತೂಕದ ಕಟ್ಟೆಯ ಮುಂದೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಅವುಗಳ ನಡುವೆ ಅವಳು ಕಾಣಿಸಿ, ಮರೆಯಾಗಿ, ಮತ್ತೆ ಕಾಣಿಸಿದಳು. ಅವನು ಬಾಗಿಲಿನವರೆಗೆ ಹೋಗಿ ನಿಂತ. ಕೂಗಿದರೆ ಕೇಳಿಸುವಷ್ಟು ದೂರದಲ್ಲೇ ಇದ್ದಳು. ಅವನು ಕೂಗಲಿಲ್ಲ.